ಸಮಾಜಶಾಸ್ತ್ರ

ಸಮಾಜಶಾಸ್ತ್ರವು ಮಾನವ ಸಮಾಜದ ರಚನೆ, ಅದರ ಸಂಸ್ಥೆಗಳು, ಜನರ ಪರಸ್ಪರ ಸಂಬಂಧಗಳು ಹಾಗೂ ಇವುಗಳಲ್ಲಿ ಉಂಟಾಗುವ ಬದಲಾವಣೆಗಳನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡುವ ಶಾಸ್ತ್ರ. ಕುಟುಂಬ, ವಿವಾಹ, ಜಾತಿ, ವರ್ಗ, ಧರ್ಮ, ಶಿಕ್ಷಣ, ದುಡಿಮೆ, ಅಧಿಕಾರ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. ಇವುಗಳಲ್ಲಿ ಹಲವನ್ನು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಇತಿಹಾಸಗಳೂ ಅಭ್ಯಸಿಸುತ್ತವೆ. ಸಮಾಜಶಾಸ್ತ್ರವನ್ನು ಬೇರೆಯಾಗಿ ನಿಲ್ಲಿಸುವುದು ಅದು ಎತ್ತುವ ಪ್ರಶ್ನೆ: ವ್ಯಕ್ತಿಯು ತನ್ನ ಸ್ವಂತ ಆಯ್ಕೆ ಎಂದು ಭಾವಿಸಿರುವ ನಡೆಯಲ್ಲಿ ಅವನು ಹುಟ್ಟಿ ಬೆಳೆದ ಸಮೂಹದ ಪಾಲು ಎಷ್ಟು?

ಉಗಮ

ಸಮಾಜದ ಕುರಿತ ಚಿಂತನೆ ಬಹಳ ಹಳೆಯದು. ಉತ್ತರ ಆಫ್ರಿಕದ ಇಬ್ನ್ ಖಲ್ದೂನ್ 1377ರಲ್ಲಿ ರಚಿಸಿದ 'ಮುಕದ್ದಿಮಾ' ಕೃತಿಯಲ್ಲಿ ರಾಜವಂಶಗಳ ಏಳುಬೀಳುಗಳನ್ನು ಸಮೂಹದ ಒಗ್ಗಟ್ಟಿನ ಬಲಾಬಲಗಳಿಂದ ವಿವರಿಸಲು ಯತ್ನಿಸಿದ್ದನು. ಆದರೆ ಪ್ರತ್ಯೇಕ ಶಾಸ್ತ್ರವಾಗಿ ಇದು ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ. ಫ್ರಾನ್ಸಿನ ಮಹಾಕ್ರಾಂತಿ ಮತ್ತು ಕೈಗಾರಿಕಾ ಕ್ರಾಂತಿಗಳು ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿದಾಗ, ಸಮಾಜವನ್ನು ಹಿಡಿದು ನಿಲ್ಲಿಸುವುದು ಯಾವುದು ಎಂಬ ಪ್ರಶ್ನೆ ತೀವ್ರವಾಯಿತು. ಫ್ರಾನ್ಸಿನ ಆಗಸ್ಟ್ ಕಾಮ್ಟ್ (1798–1857) ಈ ಅಧ್ಯಯನವನ್ನು ಮೊದಲು 'ಸಾಮಾಜಿಕ ಭೌತಶಾಸ್ತ್ರ' ಎಂದು ಕರೆದು, ಅನಂತರ 'ಸೋಷಿಯಾಲಜಿ' ಎಂಬ ಹೆಸರನ್ನು ಬಳಕೆಗೆ ತಂದನು. ಲ್ಯಾಟಿನ್ ಮತ್ತು ಗ್ರೀಕ್ ಮೂಲದ ಎರಡು ಪದಗಳನ್ನು ಬೆಸೆದ ಈ ಹೆಸರು ಭಾಷಾಶುದ್ಧಿಯ ಪಕ್ಷಪಾತಿಗಳಿಗೆ ರುಚಿಸದಿದ್ದರೂ ಉಳಿದುಕೊಂಡಿತು.

ಕಾರ್ಲ್ ಮಾರ್ಕ್ಸ್ (1818–1883) ಉತ್ಪಾದನಾ ಸಂಬಂಧಗಳನ್ನೂ ವರ್ಗಸಂಘರ್ಷವನ್ನೂ ಸಮಾಜದ ಚಾಲಕ ಶಕ್ತಿಗಳೆಂದು ಗುರುತಿಸಿದನು. ಮ್ಯಾಕ್ಸ್ ವೆಬರ್ (1864–1920) ಜನರು ತಮ್ಮ ಕ್ರಿಯೆಗಳಿಗೆ ಕೊಡುವ ಅರ್ಥವನ್ನು ಗ್ರಹಿಸದೆ ಸಮಾಜವನ್ನು ವಿವರಿಸಲಾಗದು ಎಂದು ವಾದಿಸಿದನು.

ಸಾಮಾಜಿಕ ಸಂಗತಿ

ಈ ಶಾಸ್ತ್ರಕ್ಕೆ ಖಚಿತವಾದ ವಿಷಯ ಮತ್ತು ವಿಧಾನಗಳನ್ನು ಒದಗಿಸಿದವರಲ್ಲಿ ಎಮಿಲ್ ಡರ್ಕ್‌ಹೈಮ್ (1858–1917) ಪ್ರಮುಖನು. ವ್ಯಕ್ತಿಯ ಹೊರಗಿದ್ದು, ಅವನ ಮೇಲೆ ಒತ್ತಡ ಹೇರುವ ಆಚಾರ, ಕಾನೂನು, ನಂಬಿಕೆಗಳನ್ನು ಅವನು 'ಸಾಮಾಜಿಕ ಸಂಗತಿ'ಗಳೆಂದು ಕರೆದನು. ತನ್ನ ವಾದವನ್ನು ಸಾಧಿಸಲು ಅವನು ಆರಿಸಿಕೊಂಡ ವಿಷಯ ಗಮನಾರ್ಹವಾದುದು. ಆತ್ಮಹತ್ಯೆಗಿಂತ ಖಾಸಗಿಯಾದ ನಿರ್ಧಾರ ಇನ್ನೊಂದಿಲ್ಲ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, 1897ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವನು ಯೂರೋಪಿನ ಅಂಕಿಅಂಶಗಳನ್ನು ಹೋಲಿಸಿ ನೋಡಿದನು. ಪ್ರತಿ ಸಮಾಜದಲ್ಲಿಯೂ ಇದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದೆ ಇರುವುದು, ಕ್ಯಾಥೊಲಿಕರಿಗಿಂತ ಪ್ರಾಟೆಸ್ಟಂಟರಲ್ಲಿ, ವಿವಾಹಿತರಿಗಿಂತ ಅವಿವಾಹಿತರಲ್ಲಿ ಅದು ಹೆಚ್ಚಾಗಿರುವುದು ಅವನಿಗೆ ಕಂಡುಬಂದಿತು. ಒಬ್ಬೊಬ್ಬರ ದುಃಖ ಬೇರೆಬೇರೆಯಾದರೂ ಒಟ್ಟು ಪ್ರಮಾಣವು ಸಮೂಹದ ಬಂಧ ಎಷ್ಟು ಬಿಗಿಯಾಗಿದೆ ಎಂಬುದನ್ನು ಅವಲಂಬಿಸಿದೆ ಎಂಬುದು ಅವನ ತೀರ್ಮಾನ. ಕ್ಯಾಥೊಲಿಕ್ ಪ್ರದೇಶಗಳಲ್ಲಿ ಇಂತಹ ಸಾವುಗಳನ್ನು ಬೇರೆ ಕಾರಣಗಳಡಿ ದಾಖಲಿಸಿರಬಹುದು ಎಂಬ ಆಕ್ಷೇಪಣೆ ನಂತರ ಬಂದಿತು. ಅಂಕಿಗಳನ್ನು ಸಂಗ್ರಹಿಸುವ ಕೆಲಸವೂ ಒಂದು ಸಾಮಾಜಿಕ ಕ್ರಿಯೆಯೇ ಎಂಬ ಎಚ್ಚರ ಶಾಸ್ತ್ರದೊಳಗೆ ಬೆಳೆಯಲು ಇಂತಹ ಚರ್ಚೆಗಳು ನೆರವಾದವು.

ಭಾರತದಲ್ಲಿ

ಬೊಂಬಾಯಿ ವಿಶ್ವವಿದ್ಯಾನಿಲಯದಲ್ಲಿ 1919ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ನೇತೃತ್ವದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾಯಿತು. ಅವನ ಬಳಿಕ ಅದನ್ನು ಕಟ್ಟಿ ಬೆಳೆಸಿದವರು ಜಿ. ಎಸ್. ಘುರ್ಯೆ. ಇದಕ್ಕೂ ಮೊದಲೇ, 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಬಿ. ಆರ್. ಅಂಬೇಡ್ಕರ್ ಜಾತಿಯ ಹುಟ್ಟನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದ್ದರು. ಸ್ವಜಾತಿಯೊಳಗೇ ವಿವಾಹವಾಗಬೇಕೆಂಬ ಕಟ್ಟಳೆಯೇ ಜಾತಿಯ ತಿರುಳು; ಸತಿ, ಬಲವಂತದ ವೈಧವ್ಯ ಮತ್ತು ಬಾಲ್ಯವಿವಾಹಗಳು ಆ ಕಟ್ಟಳೆಯನ್ನು ಕಾಯ್ದುಕೊಳ್ಳುವ ಉಪಾಯಗಳು ಎಂಬುದು ಅವರ ಪ್ರತಿಪಾದನೆ. ಜಾತಿ ಮತ್ತು ಸ್ತ್ರೀಯ ಸ್ಥಾನಮಾನಗಳನ್ನು ಒಂದೇ ಸೂತ್ರದಲ್ಲಿ ಕಂಡ ಈ ಬರಹಕ್ಕೆ ಪಠ್ಯಕ್ರಮಗಳಲ್ಲಿ ಸಲ್ಲಬೇಕಾದ ಜಾಗ ದೊರೆತದ್ದು ತಡವಾಗಿ.

ರಾಮಪುರದ ಅಧ್ಯಯನ

ಭಾರತೀಯ ಸಮಾಜವನ್ನು ಧರ್ಮಗ್ರಂಥಗಳ ಮೂಲಕ ಅರಿಯುವ ರೂಢಿಯಿಂದ ಊರುಗಳಲ್ಲಿ ವಾಸಿಸಿ ಅರಿಯುವ ಕ್ಷೇತ್ರಕಾರ್ಯದ ಕಡೆಗೆ ಹೊರಳಿಸಿದವರಲ್ಲಿ ಮೈಸೂರಿನಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸ್ (1916–1999) ಅಗ್ರಗಣ್ಯರು. ಘುರ್ಯೆಯವರ ಶಿಷ್ಯರಾಗಿದ್ದ ಅವರು ಬಳಿಕ ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ಕೆಳಗಿನ ಸ್ತರದ ಜಾತಿಯು ಮೇಲಿನ ಜಾತಿಯ ಆಹಾರನಿಯಮ ಮತ್ತು ಆಚರಣೆಗಳನ್ನು ಅಳವಡಿಸಿಕೊಂಡು ಹೆಚ್ಚಿನ ಸ್ಥಾನ ಬಯಸುವ ಪ್ರಕ್ರಿಯೆಗೆ 'ಸಂಸ್ಕೃತೀಕರಣ' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಇದರಿಂದಲೇ.

1948ರಲ್ಲಿ ಅವರು ಹಳೆಯ ಮೈಸೂರು ಸಂಸ್ಥಾನದ ಹಳ್ಳಿಯೊಂದರಲ್ಲಿ ಹಲವು ತಿಂಗಳು ನೆಲೆಸಿ ಮಾಹಿತಿ ಸಂಗ್ರಹಿಸಿದರು. ಬರಹಗಳಲ್ಲಿ ಅದಕ್ಕೆ ಅವರು ಕೊಟ್ಟ ಹೆಸರು 'ರಾಮಪುರ'. ಅಲ್ಲಿ ಬ್ರಾಹ್ಮಣರು ಶ್ರೇಣಿಯಲ್ಲಿ ಮೇಲಿದ್ದರೂ ಊರಿನ ಮೇಲೆ ಹಿಡಿತವಿದ್ದದ್ದು ಒಕ್ಕಲಿಗರಿಗೆ. ಜನಸಂಖ್ಯೆಯಲ್ಲಿ ಅವರೇ ಹೆಚ್ಚು, ಭೂಮಿಯೂ ಹೆಚ್ಚಾಗಿ ಅವರ ಕೈಯಲ್ಲಿತ್ತು. ಇತರ ಜಾತಿಗಳ ವ್ಯಾಜ್ಯಗಳೂ ಅವರ ಹಿರಿಯರ ಮುಂದೆ ತೀರ್ಮಾನವಾಗುತ್ತಿದ್ದವು. 'ಪ್ರಬಲ ಜಾತಿ' ಎಂಬ ಪರಿಕಲ್ಪನೆಯನ್ನು ಶ್ರೀನಿವಾಸ್ ಈ ಹಳ್ಳಿಯ ಆಧಾರದ ಮೇಲೆ ವಿಸ್ತಾರವಾಗಿ ನಿರೂಪಿಸಿದರು. ನಾಲ್ಕು ವರ್ಣಗಳ ಗ್ರಂಥಸ್ಥ ಚಿತ್ರದಲ್ಲಿ ಇಂತಹ ಅಧಿಕಾರ ಕಾಣಸಿಗುವುದಿಲ್ಲ.

1970ರ ಏಪ್ರಿಲ್‌ನಲ್ಲಿ ಶ್ರೀನಿವಾಸ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅಲ್ಲಿನ ಅಧ್ಯಯನ ಕೇಂದ್ರಕ್ಕೆ ಬೆಂಕಿ ಹಚ್ಚಲಾಯಿತು. ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ್ದ ರಾಮಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ನೀಡಿದ ಸಲಹೆಯಂತೆ ಅವರು ನೆನಪಿನಿಂದಲೇ ಬರೆಯಲು ತೊಡಗಿದರು. ಹೀಗೆ ರೂಪುಗೊಂಡ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂದಿತು. ಕೋಷ್ಟಕಗಳಿಗಿಂತ ವ್ಯಕ್ತಿಗಳೇ ಎದ್ದು ಕಾಣುವ ಈ ಕೃತಿ ಶಾಸ್ತ್ರಗ್ರಂಥವೋ ಸಾಹಿತ್ಯವೋ ಎಂಬ ಚರ್ಚೆ ಬಹುಕಾಲ ನಡೆಯಿತು.

ವಿಮರ್ಶೆ

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ನೋಟದ ನೆಲೆಯನ್ನು ಕುರಿತದ್ದು. ಶ್ರೀನಿವಾಸ್ ಬ್ರಾಹ್ಮಣರು, ಊರಿನಲ್ಲಿ ಪಟೇಲರಿಗೆ ಸೇರಿದ ಮನೆಯಲ್ಲಿ ತಂಗಿದ್ದರು. ಮೇಲುಜಾತಿಯವರ ಒಡನಾಟದಿಂದಾಗಿ ದಲಿತರ ಕೇರಿಯ ಬದುಕು ತಮಗೆ ಸಾಕಷ್ಟು ದಕ್ಕಲಿಲ್ಲವೆಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರಜ್ಞೆ ಸಿ. ಪಾರ್ವತಮ್ಮ 1978ರಲ್ಲಿ ಈ ಕೃತಿಯನ್ನು ಬ್ರಾಹ್ಮಣ್ಯದ ಪಯಣವೆಂದು ಕಟುವಾಗಿ ವಿಮರ್ಶಿಸಿದರು. ಸಂಸ್ಕೃತೀಕರಣದ ಪರಿಕಲ್ಪನೆಯೂ ಮೇಲಿನ ಜಾತಿಯನ್ನೇ ಮಾದರಿಯಾಗಿಟ್ಟುಕೊಂಡು, ಶ್ರೇಣಿಯನ್ನೇ ನಿರಾಕರಿಸಿದ ಚಳವಳಿಗಳನ್ನು ವಿವರಿಸಲು ಸೋಲುತ್ತದೆ ಎಂಬ ಟೀಕೆಗೆ ಗುರಿಯಾಗಿದೆ. ಪ್ರಬಲ ಜಾತಿಯ ಪರಿಕಲ್ಪನೆ ಮಾತ್ರ ಚುನಾವಣಾ ರಾಜಕೀಯದ ವಿಶ್ಲೇಷಣೆಗಳಲ್ಲಿ, ಪತ್ರಿಕೆಗಳ ಭಾಷೆಯಲ್ಲಿಯೂ ಸೇರಿದಂತೆ, ಇಂದಿಗೂ ಬಳಕೆಯಲ್ಲಿದೆ.