ಎರಡು ನಿಮಿಷದ ವಿಮಾನಯಾನ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇ ನಾಲ್ಕು ಕಿಲೋಮೀಟರ್ ಉದ್ದವಿದೆ. ಅಷ್ಟು ಅಂತರವೂ ಇಲ್ಲದ ಎರಡು ವಿಮಾನ ನಿಲ್ದಾಣಗಳು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕನಿ ದ್ವೀಪಸಮೂಹದಲ್ಲಿವೆ. ಒಂದು ವೆಸ್ಟ್ರೆ, ಇನ್ನೊಂದು ಪಾಪಾ ವೆಸ್ಟ್ರೆ. ನಡುವಿನ ದೂರ 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಪ್ರಯಾಣದ ಅವಧಿ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದಾಗ 53 ಸೆಕೆಂಡುಗಳಲ್ಲೇ ಮುಟ್ಟಿದ್ದೂ ಉಂಟು. ನಿಗದಿತ ವೇಳೆಯ ವಿಮಾನ ಸಂಚಾರದಲ್ಲಿ ಜಗತ್ತಿನಲ್ಲೇ ಅತಿ ಕಿರಿದಾದ ಯಾನವೆಂದು ಇದು ಹೆಸರಾಗಿದೆ.

ಆದರೆ ದಾಖಲೆಗೆಂದು ಯಾರೂ ಈ ಮಾರ್ಗವನ್ನು ಆರಂಭಿಸಲಿಲ್ಲ. ಕಣ್ಣಿಗೆ ಕಾಣುವ ಎದುರು ದಡ ಎಷ್ಟು ದೂರವಾಗಬಲ್ಲದು ಎಂಬುದು ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಡವು ದಾಟಿದವರಿಗೆ ಗೊತ್ತು. ಆರ್ಕನಿಯಲ್ಲಿ ನಡುವೆ ಇರುವುದು ಹೊಳೆಯಲ್ಲ, ಉತ್ತರದ ಬಿರುಸಿನ ಸಮುದ್ರ. ದೋಣಿ ಇದೆ, ಚಳಿಗಾಲದ ಬಿರುಗಾಳಿಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಈ ದ್ವೀಪಗಳಿಗೆ ವಿಮಾನವನ್ನು ತಂದವರು ಕ್ಯಾಪ್ಟನ್ ಫ್ರೆಸನ್. 1933ರ ಮೇ ತಿಂಗಳಲ್ಲಿ ಅವರ ಹೈಲ್ಯಾಂಡ್ ಏರ್‌ವೇಸ್ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಿಂದ ಆರ್ಕನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ಗೆ ಹಾರಾಟ ಆರಂಭಿಸಿತು. ಮರುವರ್ಷ ಅದೇ ಮಾರ್ಗದಲ್ಲಿ ಸಾಮಾನ್ಯ ಅಂಚೆ ದರಕ್ಕೇ ಕಾಗದಪತ್ರಗಳೂ ವಿಮಾನದಲ್ಲಿ ಹೋದವು. ಬ್ರಿಟನ್ನಿನ ಒಳನಾಡಿನಲ್ಲಿ ಅಂಥ ಏರ್ಪಾಡು ಅದೇ ಮೊದಲು. ರೈತರ ಹುಲ್ಲುಗಾವಲುಗಳೇ ನಿಲ್ದಾಣಗಳಾಗಿ ಸಣ್ಣ ದ್ವೀಪಗಳೂ ವಿಮಾನ ಕಂಡವು. ಎರಡನೆಯ ಮಹಾಯುದ್ಧ ಬಂದು ದ್ವೀಪ ದ್ವೀಪಗಳ ನಡುವಣ ಸಂಚಾರ ನಿಂತಿತು. ಯುದ್ಧ ಮುಗಿದ ಮೇಲೆ ಫ್ರೆಸನ್ನರ ಸಂಸ್ಥೆ ರಾಷ್ಟ್ರೀಕರಣದಲ್ಲಿ ಸರ್ಕಾರಿ ನಿಗಮದೊಳಗೆ ಕರಗಿತು. ಒಮ್ಮೆ ವಿಮಾನದ ರುಚಿ ಕಂಡ ಜನ ಎರಡು ದಶಕಕ್ಕೂ ಹೆಚ್ಚು ಕಾಲ ಮತ್ತೆ ದೋಣಿಯನ್ನೇ ಕಾಯಬೇಕಾಯಿತು.

ಹಾರಾಟ ಮರಳಿದ್ದು 1967ರಲ್ಲಿ, ಲೋಗನ್‌ಏರ್ ಮೂಲಕ. 1962ರಲ್ಲಿ ಒಂದು ಕಟ್ಟಡ ನಿರ್ಮಾಣ ಕಂಪನಿಯ ಓಡಾಟಕ್ಕಾಗಿ ಹುಟ್ಟಿದ ಸಂಸ್ಥೆ ಅದು. ಇದೇ ಹೊತ್ತಿಗೆ ತಯಾರಾಗಿದ್ದ ಎರಡು ಎಂಜಿನ್ನುಗಳ ‘ಐಲ್ಯಾಂಡರ್’ ಎಂಬ ಪುಟ್ಟ ವಿಮಾನ ಚಿಕ್ಕ ಪಟ್ಟಿಯಲ್ಲೂ ಏರಿ ಇಳಿಯಬಲ್ಲದಾಗಿತ್ತು. ಸಹ ಪೈಲಟ್ ಇಲ್ಲದ್ದರಿಂದ ಒಬ್ಬ ಪ್ರಯಾಣಿಕ ಪೈಲಟ್ಟಿನ ಪಕ್ಕದಲ್ಲೇ ಕೂರುತ್ತಾನೆ.

ಐಲ್ಯಾಂಡರ್ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾರಬಲ್ಲದು. ಆ ಲೆಕ್ಕದಲ್ಲಿ 2.7 ಕಿ.ಮೀ.ಗೆ ಒಂದು ನಿಮಿಷವೂ ಬೇಡ. ಆದರೆ ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಗಾಳಿಯ ದಿಕ್ಕು ಹೊಂದದಿದ್ದರೆ ಒಂದು ಸುತ್ತು ಹಾಕಿ ಬರಬೇಕು. ಯಾನ ಎರಡು ನಿಮಿಷವನ್ನೂ ಮೀರುತ್ತದೆ. ಇಲ್ಲಿ ಹೊತ್ತನ್ನು ನಿರ್ಧರಿಸುವುದು ದೂರಕ್ಕಿಂತ ಹೆಚ್ಚಾಗಿ ಗಾಳಿ.

ಅಸಲಿಗೆ ಇದು ಒಂದು ಬಸ್ಸಿನ ಸುತ್ತು. ವಿಮಾನ ಕರ್ಕ್‌ವಾಲ್‌ನಿಂದ ಹೊರಟು ವೆಸ್ಟ್ರೆಗೆ ಬಂದು, ಅಲ್ಲಿಂದ ಪಾಪಾ ವೆಸ್ಟ್ರೆ ಮುಟ್ಟಿ ಹಿಂತಿರುಗುತ್ತದೆ. ನಡುವಿನ ಆ ಒಂದು ತುಣುಕೇ ಜಗತ್ಪ್ರಸಿದ್ಧವಾಯಿತು. ಪಾಪಾ ವೆಸ್ಟ್ರೆಯ ಜನಸಂಖ್ಯೆ ನೂರರ ಆಸುಪಾಸು. ಇಷ್ಟು ಮಂದಿಯ ಟಿಕೆಟ್ಟಿನಿಂದ ವಿಮಾನದ ಖರ್ಚು ಹುಟ್ಟುವುದಿಲ್ಲ. ಸ್ಥಳೀಯ ಆಡಳಿತದ ಸಹಾಯಧನವೇ ಆಧಾರ. ಊರಿಗೆ ಬರುವ ಶಿಕ್ಷಕರು, ವೈದ್ಯರು, ಕರ್ಕ್‌ವಾಲ್ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ಈ ವಿಮಾನವನ್ನೇ ಹಿಡಿಯುತ್ತಾರೆ. ಅದು ನಿಂತರೆ ಮನೆ ಬಿಟ್ಟು ಹೋಗುವವರ ಸಂಖ್ಯೆ ಹೆಚ್ಚೀತೆಂಬ ಭಯಕ್ಕೆ ಕಾರಣವಿದೆ. ಅದೇ ದ್ವೀಪದ ನ್ಯಾಪ್ ಆಫ್ ಹೌವರ್‌ನಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನ ರೈತರ ಕಲ್ಲಿನ ಮನೆಗಳು ಗೋಡೆ ಸಮೇತ ನಿಂತಿವೆ. ದಾಖಲೆಯ ಯಾನಕ್ಕೆಂದು ಬರುವ ಪ್ರವಾಸಿಗಳಲ್ಲಿ ಕೆಲವರು ಅವನ್ನೂ ನೋಡಿ, ಸಂಜೆಯ ವಿಮಾನಕ್ಕೆ ಮರಳುತ್ತಾರೆ.