ಗುಂಜಹಳ್ಳಿಗೂ ಮಾಲ್ಟಾಕ್ಕೂ ಏನು ನಂಟು?

ಗುಂಜಹಳ್ಳಿಯಲ್ಲಿ ಕೂತು ಮಾಲ್ಟಾ ಕಥೆ ಯಾಕ್ರೀ ಅಂತೀರಾ? ಕೇಳಿ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ. ವಿಜಯನಗರ ಸೋತಿತು, ಕೃಷ್ಣೆ-ತುಂಗಭದ್ರೆ ನಡುವಿನ ನಮ್ಮ ರಾಯಚೂರು ಸೀಮೆ ಬಿಜಾಪುರದ ಪಾಲಾಯ್ತು. ಅದೇ ವರ್ಷ ಮೇ ತಿಂಗಳಲ್ಲಿ ಆಟೋಮನ್ ಹಡಗುಗಳು ಮಾಲ್ಟಾ ದ್ವೀಪವನ್ನು ಮುತ್ತಿದವು. ದ್ವೀಪ ಉಳೀತು. ಆದ್ರೆ ಮುಂದೆ ಫ್ರೆಂಚರು ಬಂದರು, ಬ್ರಿಟಿಷರು ಬಂದರು. ಇಲ್ಲಿ ಮೊಘಲರು, ನಿಜಾಮರು. 1853ರಿಂದ 1860ರವರೆಗೆ ಬ್ರಿಟಿಷರೂ ಆಳಿ ಹೋದರು! ಜನರನ್ನ ಕೇಳಿದವರು ಯಾರು ಸ್ವಾಮಿ?

ಅರಬ್ಬಿ ಬೇರಿನ ಮಾಲ್ಟೀಸ್ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1934ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ 1964ರಲ್ಲಿ. ನಮ್ಮಲ್ಲಿ ನಿಜಾಮರ ಕಚೇರೀಲಿ ಉರ್ದು, ಮನೇಲಿ ಕನ್ನಡ. 1948ರ ಸೆಪ್ಟೆಂಬರ್ 17ರಂದು ವಿಮೋಚನೆ, 1956ರಲ್ಲಿ ಕನ್ನಡ ನಾಡಿನ ಜೊತೆ ಏಕೀಕರಣ. ಅಲ್ಲಿಂದ 371ಜೆ ವಿಶೇಷ ಸ್ಥಾನಮಾನ ಕೈಗೆ ಬರೋಕೆ ಮತ್ತೆ 57 ವರ್ಷ!