ಒಂದು ದಿನದ ನಡಿಗೆಗೆ ಮೂವತ್ತಮೂರು ವರ್ಷ

ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದಲ್ಲಿ ಎಡೇಲ್ ಎಂಬ ಪುಟ್ಟ ಹಳ್ಳಿಯಿದೆ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವೆ ಓಡಾಡುವ ರೈಲು ಇಲ್ಲಿ ನಿಲ್ಲುತ್ತದೆ. ಬೆನ್ನಿಗೆ ಚೀಲ ಏರಿಸಿದ ಗೆಳೆಯರ ಗುಂಪುಗಳು ಇಳಿದು, ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಹಳೆಯ ಪಾನಗೃಹದ ಬಳಿಯಿಂದ ಹೊರಡುತ್ತವೆ. ಅವರು ತಲುಪಬೇಕಾದದ್ದು 268 ಮೈಲಿ ಆಚೆ, ಸ್ಕಾಟ್ಲೆಂಡಿನ ಗಡಿ ದಾಟಿದೊಡನೆ ಸಿಗುವ ಕರ್ಕ್ ಯೆಟಮ್ ಎಂಬ ಹಳ್ಳಿಯನ್ನು. ‘ಪೆನ್ನೈನ್ ವೇ’ ಎಂಬ ಹೆಸರಿನ ಈ ಕಾಲುದಾರಿಯನ್ನು ಮುಗಿಸಲು ಎರಡು ಮೂರು ವಾರ ಬೇಕು.

ಮೊದಲ ದಿನದ ಪಾಲು ಕ್ರೌಡನ್‌ವರೆಗಿನ ಸುಮಾರು 16 ಮೈಲಿ. ಲೆಕ್ಕಕ್ಕೆ ಇದು ದೊಡ್ಡದಲ್ಲ. ಆದರೆ ಹಸಿರು ಹೊಲಗಳ ನಡುವಿನ ಸುಖದ ನಡಿಗೆ ಬೇಗನೆ ಮುಗಿದು, ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಏರು ಎದುರಾಗುತ್ತದೆ. ಮೇಲೆ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಪ್ರಸ್ಥಭೂಮಿ. ಸಾವಿರಾರು ವರ್ಷಗಳ ಸಸ್ಯಗಳು ಅರೆಕೊಳೆತು ಕೂಡಿಕೊಂಡ ‘ಪೀಟ್’ ಎಂಬ ಕಪ್ಪು ಮಣ್ಣಿನ ನೆಲ ಅದು. ಮಳೆ ಬಂದರೆ ಕಾಲು ಹೂತುಹೋಗುತ್ತದೆ, ಮಂಜು ಕವಿದರೆ ದಿಕ್ಕು ತಪ್ಪುತ್ತದೆ. ಅಂಚಿನಲ್ಲಿರುವ ಕಿಂಡರ್ ಡೌನ್‌ಫಾಲ್ ಜಲಪಾತದ ನೀರನ್ನು ಜೋರು ಗಾಳಿ ಮತ್ತೆ ಮೇಲಕ್ಕೇ ತೂರುವುದು ಇಲ್ಲಿನ ಸೋಜಿಗ.

ಇಂದು ಯಾರೂ ತಡೆಯದ ಈ ನೆಲದಲ್ಲಿ ಒಂದು ಕಾಲಕ್ಕೆ ಹೆಜ್ಜೆ ಇಡುವಂತಿರಲಿಲ್ಲ. ಕಿಂಡರ್‌ನ ಬಹುಭಾಗ ಡೆವನ್‌ಶೈರ್‌ನ ಡ್ಯೂಕ್ ಅವರ ಒಡೆತನದಲ್ಲಿತ್ತು. ಗ್ರೌಸ್ ಎಂಬ ಕಾಡುಹಕ್ಕಿಯನ್ನು ವರ್ಷದಲ್ಲಿ ಕೆಲವು ದಿನ ಬೇಟೆಯಾಡುವುದಕ್ಕಾಗಿ ಸಾವಿರಾರು ಎಕರೆಗಳಿಗೆ ಕಾವಲುಗಾರರಿದ್ದರು. ಸುತ್ತಲಿನ ನಗರಗಳಲ್ಲಾದರೋ ವಾರವಿಡೀ ಗಿರಣಿ, ಕಾರ್ಖಾನೆಗಳ ಹೊಗೆ ಕುಡಿದ ಜನ. ಭಾನುವಾರದ ಅಗ್ಗದ ರೈಲು ಹಿಡಿದು ಬಂದರೆ, ಬೆಟ್ಟವನ್ನು ಕೆಳಗಿನಿಂದ ನೋಡಿ ಮರಳಬೇಕು!

1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ 20ರ ಯುವಕನ ಮುಂದಾಳತ್ವದಲ್ಲಿ ನೂರಾರು ಮಂದಿ ಹೇಫೀಲ್ಡ್ ಕಡೆಯಿಂದ ಬೆಟ್ಟ ಹತ್ತಿದರು. ಎಡೇಲ್ ಕಡೆಯಿಂದ ಬಂದ ಶೆಫೀಲ್ಡಿನವರು ಮೇಲೆ ಅವರನ್ನು ಕೂಡಿಕೊಂಡರು. ಕಾವಲುಗಾರರೊಡನೆ ನೂಕಾಟವಾಯಿತು. ಮರಳಿದಾಗ ಪೊಲೀಸರು ಕಾದಿದ್ದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲಾಯಿತು. ರಾಥ್‌ಮನ್ ಪಾಲಿಗೆ ನಾಲ್ಕು ತಿಂಗಳು. ನಡೆದದ್ದಕ್ಕೆ ಜೈಲೇ ಎಂದು ಜನ ಕೆರಳಿದರು. ವಿಚಿತ್ರವೆಂದರೆ ಅಂದಿನ ಪ್ರಮುಖ ಚಾರಣ ಸಂಘಟನೆಗಳಿಗೇ ಈ ಅತಿಕ್ರಮಣ ಹಿಡಿಸಿರಲಿಲ್ಲ. ಮಾತುಕತೆಯಿಂದ ಆಗಬಹುದಾದ ಕೆಲಸ ಕೆಡುತ್ತದೆಂಬ ಅಳುಕು ಅವರದು. ಅದರಲ್ಲಿ ತಥ್ಯವಿಲ್ಲದಿರಲಿಲ್ಲ, ಆದರೆ ಮಾತುಕತೆ ಅದಾಗಲೇ ದಶಕಗಳಿಂದ ನಡೆದೇ ಇತ್ತು.

ಮೂರು ವರ್ಷದ ನಂತರ, 1935ರಲ್ಲಿ, ಪತ್ರಕರ್ತ ಟಾಮ್ ಸ್ಟೀಫನ್‌ಸನ್ ‘ಡೈಲಿ ಹೆರಾಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅಮೆರಿಕದ ಅಪಲಾಚಿಯನ್ ದಾರಿಯಂಥದ್ದು ನಮ್ಮಲ್ಲೇಕಿಲ್ಲ ಎಂಬುದು ಅವರ ಪ್ರಶ್ನೆ. ಉತ್ತರ ಸಿಗಲು ಯುದ್ಧ ಮುಗಿಯಬೇಕಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂದಿತು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಂದಾಚೆ ಒಬ್ಬೊಬ್ಬ ಭೂಮಾಲೀಕನೊಡನೆ ಚೌಕಾಸಿ ಮಾಡುತ್ತ ದಾರಿಯನ್ನು ತುಂಡು ತುಂಡಾಗಿ ಜೋಡಿಸಬೇಕಾಯಿತು. ಕೊನೆಗೆ ಪೆನ್ನೈನ್ ವೇ ವಿಧ್ಯುಕ್ತವಾಗಿ ತೆರೆದದ್ದು 1965ರ ಏಪ್ರಿಲ್ 24ರಂದು. ಅತಿಕ್ರಮಣ ನಡೆದ ಅದೇ ತಾರೀಖು!

ದಾರಿಗೆ ಸೇರದ ಬಯಲಿನಲ್ಲಿಯೂ ಅಡ್ಡಾಡುವ ಹಕ್ಕು ಸಿಕ್ಕಿದ್ದು 2000ದ ಕಾಯಿದೆಯಿಂದ. 2002ರಲ್ಲಿ, ಎಪ್ಪತ್ತನೆಯ ವರ್ಷದ ಸ್ಮರಣೆಯ ಸಭೆಗೆ ಬಂದ ಅಂದಿನ ಡ್ಯೂಕ್ ತಮ್ಮ ತಾತನ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ರಾಥ್‌ಮನ್ ಆ ಹೊತ್ತಿಗೆ ತೀರಿಕೊಂಡಾಗಿತ್ತು.

ಹಕ್ಕು ದೊರೆತ ಮೇಲೆ ಬೇರೊಂದು ತೊಡಕು ಹುಟ್ಟಿತು. ಲಕ್ಷಾಂತರ ಬೂಟುಗಳ ತುಳಿತಕ್ಕೆ ಪೀಟ್ ಕರಗಿ, ದಾರಿ ಅಗಲವಾದ ಕೆಸರಿನ ಹೊಂಡವಾಯಿತು. 1990ರ ದಶಕದಲ್ಲಿ ಹೆಲಿಕಾಪ್ಟರಿನಿಂದ ಕಲ್ಲುಚಪ್ಪಡಿಗಳನ್ನು ಇಳಿಸಿ ಸಾಲಾಗಿ ಹಾಸಿದರು. ಮೊದಲ ದಿನ ಮಧ್ಯಾಹ್ನ ಮಿಲ್ ಹಿಲ್ ದಾಟಿ ಸ್ನೇಕ್ ಪಾಸ್ ರಸ್ತೆಯತ್ತ ಸಾಗುವ ಗೆಳೆಯರು ಈ ಚಪ್ಪಡಿಗಳ ಮೇಲೆಯೇ ಒಬ್ಬರ ಹಿಂದೊಬ್ಬರು ನಡೆಯುತ್ತಾರೆ. ಅವು ಬಂದದ್ದು ಲ್ಯಾಂಕಾಶೈರಿನಲ್ಲಿ ಮುಚ್ಚಿಹೋದ ಹತ್ತಿಗಿರಣಿಗಳ ನೆಲದಿಂದ.